ಬೇವಿನ ಮರ ಇತ್ತು ಎಂದರೆ ಸರಿ

ಜೋನಾಥನ್ ಲಿನ್ ನಿರ್ದೇಶಿಸಿದ ‘ಮೈ ಕಸಿನ್ ವಿನ್ನಿ’ 1992ರಲ್ಲಿ ತೆರೆಗೆ ಬಂದಾಗ ನಾನಿನ್ನೂ ಗದಗ ಸೀಮೆಯ ನಮ್ಮ ಊರಿನಲ್ಲಿದ್ದೆ. ಅದನ್ನು ಮೊದಲು ನೋಡಿದ್ದು ಆರೇಳು ವರ್ಷಗಳ ಮೇಲೆ, ಅಟ್ಲಾಂಟಾದ ಬಾಡಿಗೆ ಮನೆಯೊಂದರಲ್ಲಿ, ನನ್ನಂತೆಯೇ ಆಗತಾನೆ ಬಂದಿಳಿದಿದ್ದ ಮೂವರು ಗೆಳೆಯರ ಜೊತೆ ಕುಳಿತು. ನ್ಯೂಯಾರ್ಕಿನವರ ಇಂಗ್ಲಿಷೂ ತಿಳಿಯದು, ದಕ್ಷಿಣದವರದ್ದೂ ತಿಳಿಯದು. ಕೆಳಗೆ ಮೂಡುತ್ತಿದ್ದ ಅಕ್ಷರಗಳನ್ನು ಓದಿ ಮುಗಿಸಿ, ಒಂದು ಕ್ಷಣ ತಡವಾಗಿ ನಗುತ್ತಿದ್ದೆವು. ಕಳೆದ ತಿಂಗಳು ಇಲ್ಲಿಯೇ ಹುಟ್ಟಿ ಬೆಳೆದ ಮಗಳ ಜೊತೆ ಅದನ್ನು ಮತ್ತೆ ನೋಡಿದಾಗ ನಗು ತಡವಾಗಲಿಲ್ಲ, ಆದರೆ ನಕ್ಕ ಜಾಗಗಳು ಬೇರೆಯಾಗಿದ್ದವು.

ಕಥೆ ಸರಳವಾದದ್ದು. ಅಲಬಾಮಾದ ಮೂಲಕ ಹಾದುಹೋಗುತ್ತಿದ್ದ ಇಬ್ಬರು ವಿದ್ಯಾರ್ಥಿಗಳ ಮೇಲೆ ಅಂಗಡಿಯ ಗುಮಾಸ್ತನೊಬ್ಬನ ಕೊಲೆಯ ಆರೋಪ ಬರುತ್ತದೆ. ಅವರನ್ನು ಬಿಡಿಸಲು ಬರುವವನು ಆರನೆಯ ಪ್ರಯತ್ನದಲ್ಲಿ ವಕೀಲಿಕೆಯ ಪರೀಕ್ಷೆ ಪಾಸಾಗಿ ಆರು ವಾರಗಳಷ್ಟೇ ಆಗಿರುವ, ಅವರಲ್ಲೊಬ್ಬನ ದಾಯಾದಿ ಅಣ್ಣ ವಿನ್ನಿ. ಈ ಪಾತ್ರದಲ್ಲಿ ಜೋ ಪೆಶಿ ‘ಯುವಕರು’ ಎಂಬುದಕ್ಕೆ ಇಂಗ್ಲಿಷಿನ ‘ಯೂತ್ಸ್’ ಪದವನ್ನು ತನ್ನ ಊರಿನ ನಾಲಿಗೆಯಲ್ಲಿ ‘ಯೂಟ್ಸ್’ ಎಂದಾಗ, ಫ್ರೆಡ್ ಗ್ವಿನ್ ಅಭಿನಯಿಸಿದ ನ್ಯಾಯಾಧೀಶರು ಮುಂದಕ್ಕೆ ಬಾಗಿ, ಹಾಗೆಂದರೇನು ಎಂದು ನಿಜವಾದ ಗೊಂದಲದಿಂದ ಕೇಳುತ್ತಾರೆ. ನಾನು ಓದಲೆಂದು ಬೆಂಗಳೂರಿಗೆ ಹೋದ ಮೊದಲ ವಾರ ಹಾಸ್ಟೆಲಿನ ಹತ್ತಿರದ ಅಂಗಡಿಯಲ್ಲಿ “ಅರ್ಧ ಕಿಲೋ ಉಳ್ಳಾಗಡ್ಡಿ ಕೊಡ್ರಿ” ಎಂದಾಗ ಅಂಗಡಿಯವರು “ಯಾವ ಗೆಡ್ಡೆ?” ಎಂದು ಕೇಳಿದ್ದರು, ಮುಖದ ಮೇಲೆ ಅದೇ ಗೊಂದಲ. ಕೈಮಾಡಿ ತೋರಿಸಿದ ಮೇಲೆ, “ಓ, ಈರುಳ್ಳಿ!” ಹೊರನಾಡಿಗನಾಗುವುದನ್ನು ನಾನು ಕಲಿತದ್ದು ಅಮೆರಿಕದಲ್ಲಲ್ಲ.

ಈ ಚಿತ್ರವನ್ನು ದಕ್ಷಿಣದ ಹಳ್ಳಿಗರನ್ನು ಗೇಲಿ ಮಾಡುವ ಚಿತ್ರವೆಂದು ಹಲವರು ತಿಳಿದಿದ್ದಾರೆ. ಜಾರ್ಜಿಯಾದಲ್ಲಿ ಇಷ್ಟು ವರ್ಷ ಬಾಳಿದ ಮೇಲೆ ನನಗೆ ಹಾಗನ್ನಿಸುವುದಿಲ್ಲ. ನ್ಯಾಯಾಧೀಶರು ಸಿಡುಕರಾದರೂ ಅನ್ಯಾಯ ಮಾಡುವವರಲ್ಲ. ಸರ್ಕಾರಿ ವಕೀಲ ಎದುರಾಳಿಯನ್ನು ಬೇಟೆಗೆ ಕರೆದೊಯ್ಯುವಷ್ಟು ಸಜ್ಜನ, ಕೊನೆಗೆ ಸತ್ಯ ಗೊತ್ತಾದಾಗ ತಾನೇ ಎದ್ದು ಆರೋಪಗಳನ್ನು ಹಿಂತೆಗೆದುಕೊಳ್ಳುತ್ತಾನೆ. ತಮಾಷೆಗೆ ಗುರಿಯಾಗುವವನು ಚರ್ಮದ ಜಾಕೆಟ್ ತೊಟ್ಟು ನ್ಯಾಯಾಲಯಕ್ಕೆ ಬಂದು ಬೈಸಿಕೊಳ್ಳುವ ಹೊರಗಿನವನೇ. ಕೇಂಬ್ರಿಜಿನಲ್ಲಿ ಕಾನೂನು ಓದಿದ್ದ ಲಿನ್ ಕಲಾಪದ ಕ್ರಮವನ್ನು ಎಷ್ಟು ಜೋಪಾನವಾಗಿ ಇಟ್ಟಿದ್ದಾರೆಂದರೆ, ಪಾಟೀಸವಾಲು ಹೇಗೆ ಮಾಡಬೇಕೆಂದು ಕಲಿಸಲು ಅಮೆರಿಕದ ಕಾನೂನು ಕಾಲೇಜುಗಳಲ್ಲಿ ಇದನ್ನು ತೋರಿಸುತ್ತಾರೆ. ನಮ್ಮ ಸಿನಿಮಾಗಳ ನ್ಯಾಯಾಲಯದಲ್ಲಿ ಕ್ರಮಕ್ಕಿಂತ ಭಾಷಣ ಹೆಚ್ಚು. ನಿಜವಾದ ನ್ಯಾಯಾಲಯದಲ್ಲಿ ಇಲ್ಲದ ಸುತ್ತಿಗೆಯನ್ನು ಕುಟ್ಟಿ ‘ಆರ್ಡರ್, ಆರ್ಡರ್’ ಎನ್ನುವ ಜಡ್ಜ್ ನಮ್ಮ ತೆರೆಯಿಂದ ಇಂದಿಗೂ ಪೂರ್ತಿ ಇಳಿದಿಲ್ಲ.

ಮಗಳು ನಕ್ಕು ಉರುಳಾಡಿದ ಒಂದು ಸನ್ನಿವೇಶದಲ್ಲಿ ನಾನು ಮಾತ್ರ ಲೆಕ್ಕ ಹಾಕುತ್ತಾ ಕುಳಿತೆ. ಒಂದು ಡಬ್ಬಿ ಮೀನಿಗೆ ದುಡ್ಡು ಕೊಡಲು ಮರೆತದ್ದಕ್ಕೇ ತನ್ನನ್ನು ಹಿಡಿದಿದ್ದಾರೆಂದು ಭಾವಿಸಿದ ಹುಡುಗ, ಕೊಲೆಯ ಮಾತು ಬಂದಾಗ ದಂಗಾಗಿ, ನಾನು ಗುಮಾಸ್ತನಿಗೆ ಗುಂಡು ಹೊಡೆದೆನೇ ಎಂದು ಕೇಳುತ್ತಾನೆ. ಷೆರಿಫ್, ಅಂದರೆ ಅಲ್ಲಿನ ಪೊಲೀಸ್ ಅಧಿಕಾರಿ, ನ್ಯಾಯಾಲಯದಲ್ಲಿ ಅದನ್ನೇ ರಾಗವಿಲ್ಲದೆ ಓದಿದಾಗ ಪ್ರಶ್ನೆ ತಪ್ಪೊಪ್ಪಿಗೆಯಾಗುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಅವೇ ಪದಗಳು, ವ್ಯತ್ಯಾಸವೆಲ್ಲ ದನಿಯಲ್ಲಿದೆ. ಕನ್ನಡದಲ್ಲಾಗಿದ್ದರೆ ‘ಹೊಡೆದೆನಾ’ ಎಂಬಲ್ಲಿನ ಒಂದು ದೀರ್ಘವೇ ಅವನನ್ನು ಉಳಿಸುತ್ತಿತ್ತು. ಉಳಿಸದಿದ್ದರೂ ಕಾನೂನು ಕಾಯುತ್ತಿತ್ತು: ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲವೆಂದು 1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಮು ಹೇಳಿತ್ತು, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಆ ನಿಯಮ ಉಳಿದಿದೆ. ಈ ಒಂದು ವಿಷಯದಲ್ಲಿ ನಮ್ಮದೇ ಮೇಲೆಂದು ನಾನು ಮಗಳಿಗೆ ಹೆಮ್ಮೆಯಿಂದ ಹೇಳಿದೆ. ಹಾಗಾದರೆ ಪೊಲೀಸರ ಮೇಲೆ ಅಲ್ಲಿ ಅಷ್ಟೊಂದು ಅಪನಂಬಿಕೆ ಏಕೆ ಎಂದು ಅವಳು ಕೇಳಿದಳು. ಆ ಚರ್ಚೆಗೆ ಚಿತ್ರವನ್ನು ನಿಲ್ಲಿಸಬೇಕಾಯಿತು.

ಆದರೆ ಇನ್ನೊಂದು ವಿಷಯದಲ್ಲಿ ನಾನು ಇಲ್ಲಿನವರ ಪಕ್ಷ. ಚಿತ್ರದಲ್ಲಿ ಮೊದಲ ಸಾಕ್ಷಿಯನ್ನು ಮಣಿಸುವುದು ಮುಸುಕಿನ ಜೋಳದ ನುಚ್ಚು, ಅಂದರೆ ‘ಗ್ರಿಟ್ಸ್’. ಐದೇ ನಿಮಿಷದಲ್ಲಿ ಎಲ್ಲ ನಡೆದುಹೋಯಿತೆನ್ನುವ ಸಾಕ್ಷಿ ಅಷ್ಟರಲ್ಲಿ ತಿಂಡಿ ಮಾಡಿ ಮುಗಿಸಿದ್ದನಂತೆ. ನುಚ್ಚು ಬೇಯಲು ಇಪ್ಪತ್ತು ನಿಮಿಷ ಬೇಕು. ಕೊನೆಯಲ್ಲಿ ಪ್ರಕರಣ ತಿರುಗುವುದು ವಿನ್ನಿಯ ವಾಗ್ದತ್ತೆ, ಕೇಶವಿನ್ಯಾಸದ ಕೆಲಸ ಮಾಡುತ್ತಿದ್ದ ಮೋನಾ ಲೀಸಾಳ ಮಾತಿನಿಂದ. ಮೆಕ್ಯಾನಿಕ್‌ಗಳ ಮನೆಯಲ್ಲಿ ಬೆಳೆದ ಅವಳು ಚಕ್ರದ ಗುರುತುಗಳ ಫೋಟೊ ನೋಡಿ, ಒಂದು ಗಾಲಿ ರಸ್ತೆಯಂಚಿನ ಕಟ್ಟೆ ಹತ್ತಿದಾಗಲೂ ಎರಡೂ ಗುರುತುಗಳು ಸಮತಟ್ಟಾಗಿಯೇ ಇರುವುದರಿಂದ ಇದು ಹುಡುಗರ 1964ರ ಬ್ಯೂಕ್ ಸ್ಕೈಲಾರ್ಕ್ ಆಗಿರಲಾರದು, ಹಿಂಬದಿಯ ಗಾಲಿಗಳು ಬೇರೆಬೇರೆಯಾಗಿ ಏರಿಳಿಯಬಲ್ಲ 1963ರ ಪಾಂಟಿಯಾಕ್ ಟೆಂಪೆಸ್ಟ್ ಎಂದು ಎಳೆಎಳೆಯಾಗಿ ಬಿಡಿಸಿಡುತ್ತಾಳೆ. ಮರೀಸಾ ಟೊಮೇಗೆ ಆಸ್ಕರ್ ತಂದುಕೊಟ್ಟ ಈ ದೃಶ್ಯದಲ್ಲಿ ಅವಳ ಮಾತನ್ನು ಯಾರೂ ತುಂಡರಿಸುವುದಿಲ್ಲ, ಅವಳು ಆಡಿದ್ದು ಆಡಿದಂತೆಯೇ ದಾಖಲೆಗೆ ಹೋಗುತ್ತದೆ. ಜ್ಯೂರಿಯವರು ಕುತ್ತಿಗೆ ಚಾಚಿ ಕೇಳುತ್ತಾರೆ. ನಮ್ಮಲ್ಲಿ ಜ್ಯೂರಿಯೂ ಇಲ್ಲ, 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗ ಉಳಿಯಲಿಲ್ಲ. ಅದಕ್ಕಾಗಿ ನನಗೇನೂ ದುಃಖವಿಲ್ಲ.

ನನಗೆ ದುಃಖವಿರುವುದು ಬೇವಿನ ಮರದ ಬಗ್ಗೆ. ಪಕ್ಕದ ಹೊಲದವರ ಬದುವಿನ ವ್ಯಾಜ್ಯದಲ್ಲಿ ಅಪ್ಪ ತಾಲ್ಲೂಕು ನ್ಯಾಯಾಲಯಕ್ಕೆ ಸಾಕ್ಷಿ ಹೇಳಲು ಹೋಗಿದ್ದರು. ಬಾಂದುಕಲ್ಲು ಎಲ್ಲಿತ್ತು, ಅದರ ಪಕ್ಕದ ಬೇವು ಯಾವ ಮಳೆಗಾಲದಲ್ಲಿ ಉರುಳಿತು, ಅದರ ಬೊಡ್ಡೆಯನ್ನು ಯಾರು ಒಯ್ದರು ಎಂಬುದನ್ನೆಲ್ಲ ಅವರು ಕಟಕಟೆಯಲ್ಲಿ ನಿಂತು ಹತ್ತು ನಿಮಿಷ ಹೇಳಿದರಂತೆ. ನ್ಯಾಯಾಧೀಶರು ಕೇಳಿಕೊಂಡು ಸಾರವನ್ನು ಬೆರಳಚ್ಚುಗಾರರಿಗೆ ಹೇಳಿ ಬರೆಸಿದರು. ತಪ್ಪು ಅವರದ್ದಲ್ಲ, ಸಾಕ್ಷ್ಯವನ್ನು ಸಾಮಾನ್ಯವಾಗಿ ನಿರೂಪಣೆಯ ರೂಪದಲ್ಲಿ ಬರೆದುಕೊಳ್ಳಬೇಕೆಂದೇ ನಮ್ಮ ಪ್ರಕ್ರಿಯಾ ಕಾನೂನು ಹೇಳುತ್ತದೆ, ಪ್ರಶ್ನೋತ್ತರವನ್ನು ಹಾಗೆಯೇ ದಾಖಲಿಸುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಆಮೇಲೆ ಮನೆಗೆ ಬಂದ ನಕಲನ್ನು ನಾನೇ ಅಪ್ಪನಿಗೆ ಓದಿ ಹೇಳಿದೆ. “ಸದರಿ ಜಾಗದಲ್ಲಿ ಬೇವಿನ ಮರ ಇತ್ತು ಎಂದರೆ ಸರಿ. ನಾನು ವಾದಿಗೆ ಅನುಕೂಲವಾಗಲೆಂದು ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ.” ಅಪ್ಪ ಮುಂದಿನ ಹಾಳೆಗಾಗಿ ಕೈಚಾಚಿದರು. ಮುಂದಿನ ಹಾಳೆ ಇರಲಿಲ್ಲ.

ಅಪ್ಪ ಒಮ್ಮೆ ಇಲ್ಲಿಗೆ ಬಂದು ಮೂರು ತಿಂಗಳು ಇದ್ದರು. ಈ ಚಿತ್ರದ ನ್ಯಾಯಾಲಯದ ಹೊರನೋಟವನ್ನು ಚಿತ್ರೀಕರಿಸಿದ ಮಾಂಟಿಸೆಲೊ ಎಂಬ ಸಣ್ಣ ಊರು ಅಟ್ಲಾಂಟಾದಿಂದ ಸುಮಾರು ಒಂದು ಗಂಟೆಯ ದಾರಿ. ಅವರನ್ನು ಅಲ್ಲಿಗೆ ಕರೆದೊಯ್ದಿದ್ದೆ. ಕಟ್ಟಡವನ್ನು ಒಮ್ಮೆ ನೋಡಿ, ಕಕ್ಷಿದಾರರಾಗಲಿ ಚಾದಂಗಡಿಯಾಗಲಿ ಇಲ್ಲದ ಇದೆಂಥ ಕೋರ್ಟು ಎಂದಿದ್ದರು. ಅಂದು ರಾತ್ರಿ ಚಿತ್ರವನ್ನು ಹಾಕಿ, ಪಕ್ಕದಲ್ಲಿ ಕುಳಿತು ನಮ್ಮ ಕನ್ನಡದಲ್ಲಿ ಅರ್ಥ ಹೇಳುತ್ತಾ ಹೋದೆ. ನುಚ್ಚಿನ ಪಾಟೀಸವಾಲಿಗೆ ಅವರು ತಲೆದೂಗಿದರು. ಮೋನಾ ಲೀಸಾ ಸಾಕ್ಷಿ ನುಡಿಯುವಾಗ ಮಾತ್ರ ಅವಳನ್ನು ನೋಡದೆ ತೆರೆಯ ಮೂಲೆಗಳಲ್ಲಿ ಏನನ್ನೋ ಹುಡುಕುತ್ತಿದ್ದರು.

“ಆಕಿ ಹೇಳೋದನ್ನ ಯಾರ ಬರಕೊಳ್ಳಾಕತ್ತಾರ?” ಎಂದು ಕೇಳಿದರು.

ನಾನು ಟೇಪನ್ನು ಹಿಂದಕ್ಕೆ ಓಡಿಸಿದೆ.