ಸತ್ಯಾಂಶ: ಬೆಲ್ಲದ ನೀರಿನಿಂದ ಕೊಳವೆಬಾವಿಯ ವಿಷ ಹೋಗುತ್ತದೆಯೇ?

“ಕಾರ್ಖಾನೆಯ ರಾಸಾಯನಿಕ ಸೇರಿದ ಕೊಳವೆಬಾವಿಗೆ ಬೆಲ್ಲದ ನೀರು ಸುರಿಯಿರಿ. ಬ್ಯಾಕ್ಟೀರಿಯಾ ವಿಷವನ್ನೆಲ್ಲ ತಿಂದುಹಾಕುತ್ತದೆ, ವಾರದಲ್ಲಿ ನೀರು ಕುಡಿಯಬಹುದು” ಎಂಬ ಸಂದೇಶ ಹರಿದಾಡುತ್ತಿದೆ. ದಯವಿಟ್ಟು ಹಾಗೆ ಮಾಡಬೇಡಿ.

ಇದರ ಮೂಲದಲ್ಲಿ ಅಚ್ಚರಿಯ ವಿಜ್ಞಾನವೊಂದಿದೆ, ನಿಜ. ಡ್ರೈಕ್ಲೀನಿಂಗ್‌ಗೆ ಬಳಸುವ ಟೆಟ್ರಾಕ್ಲೋರೋಎಥಿಲೀನ್ ಎಂಬ ಕ್ಲೋರಿನ್ ಇರುವ ರಾಸಾಯನಿಕ ಅಂತರ್ಜಲಕ್ಕೆ ಇಳಿದರೆ ದಶಕಗಳ ಕಾಲ ಉಳಿಯಬಲ್ಲದು. ಅದನ್ನು ಪೂರ್ತಿಯಾಗಿ ನಿರಪಾಯಕಾರಿ ಎಥಿಲೀನ್ ಆಗಿಸುವ ಬ್ಯಾಕ್ಟೀರಿಯಾವನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 1997ರಲ್ಲಿ ವರದಿ ಮಾಡಿದರು. ಹೆಸರು ಡಿಹ್ಯಾಲೋಕಾಕಾಯ್ಡಿಸ್. ಅದು ವಿಷವನ್ನು ತಿನ್ನುವುದಿಲ್ಲ, ಉಸಿರಾಡುತ್ತದೆ! ನಮಗೆ ಆಮ್ಲಜನಕ ಹೇಗೋ ಅದಕ್ಕೆ ಕ್ಲೋರಿನ್ ಸಂಯುಕ್ತ ಹಾಗೆ. ಆಮ್ಲಜನಕ ತಗುಲಿದರೆ ಅದು ಬದುಕುವುದೇ ಕಷ್ಟ. ಸಿಹಿ ಪದಾರ್ಥ ಅದರ ಆಹಾರವೂ ಅಲ್ಲ. ಬೇರೆ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಹುದುಗಿಸಿದಾಗ ಹೊಮ್ಮುವ ಹೈಡ್ರೋಜನ್ ಅದಕ್ಕೆ ಬೇಕು.

ಅಪಾಯ ಇರುವುದು ನಡುದಾರಿಯಲ್ಲಿ. ಆ ರಾಸಾಯನಿಕದಿಂದ ಕ್ಲೋರಿನ್ ಪರಮಾಣುಗಳು ಒಂದೊಂದಾಗಿ ಕಳಚುತ್ತವೆ. ಸರಿಯಾದ ತಳಿ ಇಲ್ಲದಿದ್ದರೆ ಕೆಲಸ ಅರ್ಧಕ್ಕೆ ನಿಂತು ವಿನೈಲ್ ಕ್ಲೋರೈಡ್ ಶೇಖರವಾಗಬಹುದು. ಅದು ಕ್ಯಾನ್ಸರ್‌ಕಾರಕ, ಮೂಲ ವಿಷಕ್ಕಿಂತಲೂ ಕೆಟ್ಟದ್ದು.

ಟೆಕ್ಸಾಸ್‌ನ ಕೆಲ್ಲಿ ವಾಯುನೆಲೆಯಲ್ಲಿ ತಜ್ಞರು ಈ ಬ್ಯಾಕ್ಟೀರಿಯಾ ಇರುವ ಮಿಶ್ರಣವನ್ನು ನೆಲದಡಿ ಹರಿಸಿ, ನೀರನ್ನು ಮತ್ತೆ ಮತ್ತೆ ಪರೀಕ್ಷಿಸುತ್ತ ಯಶಸ್ಸು ಕಂಡರು. ಅದಕ್ಕೂ ತಿಂಗಳುಗಳೇ ಹಿಡಿದವು. ಸೀಸ, ಫ್ಲೋರೈಡ್‌ಗಳನ್ನಂತೂ ಈ ಬ್ಯಾಕ್ಟೀರಿಯಾ ತೆಗೆಯುವುದಿಲ್ಲ. ನಿಮ್ಮ ಬಾವಿಯ ಬಗ್ಗೆ ಅನುಮಾನವಿದ್ದರೆ ಆ ನೀರು ಕುಡಿಯುವುದನ್ನು ನಿಲ್ಲಿಸಿ, ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಡಿ.