ತಾಳ್ಮೆಯುಳ್ಳವರೆಂದು ದೃಢೀಕರಿಸುತ್ತೇನೆ

ಯಾರ ಬಗ್ಗೆಯೂ ಒಳ್ಳೆಯ ಮಾತನ್ನು ಬರವಣಿಗೆಯಲ್ಲಿ ಕೊಟ್ಟು ನನಗೆ ಅಭ್ಯಾಸವಿಲ್ಲ. ಆದರೂ ಮೂರು ವರ್ಷದ ಹಿಂದೆ ಮೇಲಿನ ಮನೆಯ ದಂಪತಿ ಬಂದು, "ಮಗು ದತ್ತು ತಗೋಬೇಕು ಅಂತಿದ್ದೀವಿ ಸಾರ್, ಎರಡು ರೆಫರೆನ್ಸ್ ಲೆಟರ್ ಬೇಕಂತೆ, ಒಂದು ನೀವು ಕೊಡಿ" ಅಂದಾಗ ಇಲ್ಲ ಎನ್ನಲಾಗಲಿಲ್ಲ. "ಇವರು ಸಜ್ಜನರು, ತಾಳ್ಮೆಯುಳ್ಳವರು, ಇವರ ಕೈಗೆ ಮಗುವನ್ನು ಧಾರಾಳವಾಗಿ ಕೊಡಬಹುದು" ಎಂದು ಬರೆದು ಸಹಿ ಹಾಕಿದೆ. ನನ್ನ ಕೈಗೆ ಮಗು ಕೊಡಬಹುದೇ ಎಂದು ಯಾರೂ ಯಾರನ್ನೂ ಕೇಳಿರಲಿಲ್ಲ. ಎರಡು ಬಂದವು, ಬೆಳೆದವು, ಈಗ ನನ್ನ ಫೋನ್ ಎತ್ತುವುದಿಲ್ಲ.

ದೇಶದ ದತ್ತು ವ್ಯವಹಾರವೆಲ್ಲ ನೋಡಿಕೊಳ್ಳುವುದು ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಚುಟುಕಾಗಿ ಕಾರಾ. (ಮುಂದೆ 'ಗೃಹ' ಸೇರಿಸಬೇಡಿ, ಅದು ಬೇರೆ ಇಲಾಖೆ.) ಅವರ ಪೋರ್ಟಲ್ಲಿಗೆ ಏರಿಸಬೇಕಾದ ಕಾಗದಗಳ ಫೈಲನ್ನು ಮೇಲಿನ ಮನೆಯಾತ ನನಗೆ ತೋರಿಸಿದ. ಪ್ಯಾನ್, ಆದಾಯ, ಜನನ, ಮದುವೆ, ಮಾರಣಾಂತಿಕ ಕಾಯಿಲೆ ಇಲ್ಲವೆಂದು ಡಾಕ್ಟರ ಪತ್ರ. ಮದುವೆಯಾಗಿ ಕನಿಷ್ಠ ಎರಡು ವರ್ಷ ನೆಟ್ಟಗೆ ಸಂಸಾರ ಮಾಡಿರಬೇಕು. ಎರಡು ವರ್ಷದೊಳಗಿನ ಮಗು ಬೇಕೆಂದರೆ ಗಂಡನ ವಯಸ್ಸಿಗೆ ಹೆಂಡತಿಯ ವಯಸ್ಸು ಕೂಡಿಸಿದಾಗ 85 ದಾಟಕೂಡದು. ಜಾತಕದಲ್ಲಿ 36ಕ್ಕೆ ಎಷ್ಟು ಗುಣ ಕೂಡಿತು ಎಂದು ಒಮ್ಮೆ ಲೆಕ್ಕ ಹಾಕಿಸಿಕೊಂಡವರು ಮತ್ತೆ ಬೆರಳು ಮಡಿಸಿದರು. 83. ಪಾಸು.

ಆಮೇಲೆ ಹೋಮ್ ಸ್ಟಡಿ. ಸಮಾಜ ಕಾರ್ಯಕರ್ತೆ ಮನೆಗೇ ಬಂದು ಮಾತಾಡಿಸಿ ವರದಿ ಬರೆಯುತ್ತಾರೆ. ಹಿಂದಿನ ದಿನ ಮೇಲಿನ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರದ ಸಂಭ್ರಮ. ಸೋಫಾಕ್ಕೆ ಹೊಸ ಹೊದಿಕೆ ಬಂತು, ಬಾಲ್ಕನಿಗೆ ಜಾಲರಿ ಬಂತು, ನಮ್ಮ ಅಟ್ಟದ ಮೇಲಿದ್ದ ಟೆಡ್ಡಿಬೇರ್ ಧೂಳು ಕೊಡವಿಕೊಂಡು ಒಂದು ದಿನದ ಮಟ್ಟಿಗೆ ಮೇಲೆ ಹೋಯಿತು. ಅತ್ತೆಗೆ ವಾರದಿಂದ ಪಾಠ ನಡೆದಿತ್ತು: "ಯಾವ ಮಗುವಾದರೂ ನನಗೆ ಮೊಮ್ಮಗುವೇ" ಅನ್ನಬೇಕು, ಅಷ್ಟೇ. ಅತ್ತೆ ಒಂದಕ್ಷರ ತಪ್ಪದೆ ಒಪ್ಪಿಸಿದರು. ಬಂದವರು ತಲೆದೂಗಿ ಬರೆದುಕೊಳ್ಳುವಷ್ಟರಲ್ಲಿ ಸ್ವಂತದ್ದೊಂದು ಸಾಲು ಸೇರಿಸಿದರು: "ಸ್ವಲ್ಪ ಬೆಳ್ಳಗಿದ್ದರೆ ಸಾಕು."

ಆದರೂ ವರದಿ ಚೆನ್ನಾಗಿಯೇ ಬಂತು. ತಂದೆತಾಯಿಯಾಗಲು ಯೋಗ್ಯರು. ಸಿಂಧುತ್ವ: 3 ವರ್ಷ.

ವಿಷಯ ಇರುವುದು ಇಲ್ಲೇ. ಆರೋಗ್ಯವಂತ ಹಸುಗೂಸಿಗಾಗಿ ಕಾಯುವ ಸಾಲು ಮೂರು ವರ್ಷ ದಾಟುತ್ತದೆ. ಯೋಗ್ಯತೆ ಮಾತ್ರ ಮೂರೇ ವರ್ಷ ಬಾಳುತ್ತದೆ. ಹಾಲಿನ ಪ್ಯಾಕೆಟ್ಟಿನ ಮೇಲೆ ತಾರೀಖು ಹಾಕುವವರಿಗೂ ಹಾಲು ಅಂಗಡಿ ತಲುಪುವ ಹೊತ್ತಿನ ಅಂದಾಜು ಇರುತ್ತದೆ. ಇಲ್ಲಿ ವಾತ್ಸಲ್ಯ ದಾರಿಯಲ್ಲೇ ಹಳಸಿ, ಮತ್ತೆ ಕಾಯಿಸಿ, ಹೊಸ ತಾರೀಖು ಒತ್ತಿಸಿಕೊಳ್ಳಬೇಕು.

ಸರಕಾರವನ್ನೇ ಬೈದು ಕೈತೊಳೆದುಕೊಳ್ಳೋಣ ಎಂದರೆ ಅದೂ ಪೂರ್ತಿ ಆಗುವುದಿಲ್ಲ. ಹೆತ್ತವರೇ ಒಪ್ಪಿಸಿದ ಮಗುವಾದರೆ ಅವರು ಮನಸ್ಸು ಬದಲಿಸಲು 60 ದಿನ ಬಿಡುತ್ತಾರೆ, ಸಿಕ್ಕಿದ ಮಗುವಾದರೆ ಹೆತ್ತವರನ್ನು ಹುಡುಕುತ್ತಾರೆ. ಆಮೇಲೆ ಮಕ್ಕಳ ಕಲ್ಯಾಣ ಸಮಿತಿ 'ದತ್ತಿಗೆ ಮುಕ್ತ' ಎಂದು ಘೋಷಿಸಬೇಕು. ಇದರಲ್ಲಿ ನಗುವಂಥದ್ದೇನೂ ಇಲ್ಲ. ನಗು ಬರುವುದು ನಮ್ಮ ಸಾಲನ್ನು ನೋಡಿದರೆ. 30 ಸಾವಿರಕ್ಕೂ ಹೆಚ್ಚು ಅರ್ಜಿದಾರರು ಒಂದೇ ತೊಟ್ಟಿಲಿಗೆ ಮುಖ ಮಾಡಿ ನಿಂತಿದ್ದಾರೆ. ಪಕ್ಕದ ಕೋಣೆಯಲ್ಲಿ ಎಂಟು ವರ್ಷದ ಹುಡುಗ, ಜೊತೆಬಿಡದ ಅಕ್ಕತಮ್ಮ, ಕಿವಿ ಕೇಳದ ಪುಟ್ಟಿ ಕೂತಿದ್ದಾರೆ, ಅಲ್ಲಿ ಕ್ಯೂ ಇಲ್ಲ. ದತ್ತು ಹೋಗುವವರಲ್ಲಿ ಗಂಡಿಗಿಂತ ಹೆಣ್ಣುಮಕ್ಕಳೇ ಹೆಚ್ಚು ಎಂಬುದೊಂದು ವಿಚಿತ್ರ. ಹೆರುವಾಗ ಗಂಡಾಗಲಿ ಎಂದು ಹರಕೆ ಹೊರುವ ನಾಡು, ಅರ್ಜಿ ತುಂಬುವಾಗ ಹೆಣ್ಣಿಗೆ ಟಿಕ್ ಹಾಕುತ್ತದೆ. ಇದನ್ನು ಪ್ರಗತಿ ಅನ್ನಬೇಕೋ, ಆಸ್ತಿಯ ಲೆಕ್ಕ ಅನ್ನಬೇಕೋ, ನಾನಂತೂ ಬಾಯಿ ಬಿಡುವುದಿಲ್ಲ.

ಸಲಹೆ ಕೊಡುವವರಿಗೇನೂ ಬರವಿಲ್ಲ. "ಇಷ್ಟೆಲ್ಲ ಯಾಕೆ? ನನಗೊಬ್ಬರು ನರ್ಸ್ ಗೊತ್ತು" ಎಂದು ಒಬ್ಬ ದೂರದ ಭಾವ ದನಿ ತಗ್ಗಿಸಿದ. ಹೌದು, ಆ ದಾರಿಯಲ್ಲಿ ಹೋಮ್ ಸ್ಟಡಿ ಇಲ್ಲ, ಕೂಡುವ ಲೆಕ್ಕ ಇಲ್ಲ. ಮಗುವನ್ನು ಮಾರಿದರೂ ಕೊಂಡರೂ ಬಾಲನ್ಯಾಯ ಕಾಯ್ದೆಯಡಿ ಐದು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ದಂಡ. ಕಾರಾದ ಮುಂದೆ 'ಗೃಹ' ಸೇರುವುದು ಅಲ್ಲಿ, ಅದೂ ವೇಯ್ಟಿಂಗ್ ಲಿಸ್ಟ್ ಇಲ್ಲದೆ.

ಕಾದು ಕಾದು ಸರದಿ ಬಂತು ಅನ್ನಿ. ಮೂರು ವರ್ಷ ಮಾತೇ ಆಡದ ವ್ಯವಸ್ಥೆ ಒಂದು ದಿನ ಇದ್ದಕ್ಕಿದ್ದಂತೆ ಮಗುವಿನ ಫೋಟೊ, ವೈದ್ಯಕೀಯ ವರದಿ ತೋರಿಸಿ, 48 ಗಂಟೆಯೊಳಗೆ ಹೇಳಿ ಅನ್ನುತ್ತದೆ. ಸೀರೆ ಆರಿಸಲು ಮೂರು ಅಂಗಡಿ ಹತ್ತಿಳಿಯುವ ಮನೆತನಕ್ಕೆ, ಜನ್ಮದ ಸಂಬಂಧ ತೀರ್ಮಾನಿಸಲು ಎರಡು ರಾತ್ರಿ. ಹಾಗಾಗಿ ಮೇಲಿನ ಮನೆಯಾತ ಸ್ನಾನಕ್ಕೆ ಹೋದರೂ ಫೋನನ್ನು ಕಿಟಕಿಯಲ್ಲಿಟ್ಟುಕೊಂಡು ಹೋಗುತ್ತಾನೆ. 'ನಿಮಗೆ ಪೂರ್ವಾನುಮೋದಿತ ಸಾಲ ಸಿದ್ಧವಿದೆ' ಎಂಬ ಎಸ್ಸೆಮ್ಮೆಸ್ಸಿಗೂ ಆತನ ಎದೆ ಧಸಕ್ಕೆನ್ನುತ್ತದೆ. ಮಗು ಮನೆಗೆ ಬಂದ ಮೇಲೂ ಅದು ಕಾನೂನಿನ ಕಣ್ಣಿಗೆ ಮಗುವಾಗಲು ಆದೇಶ ಬೇಕು. ಮೊದಲು ಕೋರ್ಟು ಕೊಡುತ್ತಿತ್ತು, 2022ರ ಸೆಪ್ಟೆಂಬರಿನಿಂದ ಜಿಲ್ಲಾಧಿಕಾರಿ. ಬರ, ನೆರೆ, ಚುನಾವಣೆ, ಮಂತ್ರಿಗಳ ಪ್ರವಾಸ ಇವುಗಳ ನಡುವೆ ಬಿಡುವಾದಾಗ ಅವರು ಒಂದು ಸಂಸಾರವನ್ನೂ ಮಂಜೂರು ಮಾಡುತ್ತಾರೆ.

ಮೊನ್ನೆ ಆತ ಮತ್ತೆ ಕೆಳಗೆ ಬಂದ. "ರಿಪೋರ್ಟ್ ಎಕ್ಸ್‌ಪೈರ್ ಆಗ್ತಿದೆ ಸಾರ್, ಇನ್ನೊಂದ್ಸಲ ಬರ್ತಾರಂತೆ. ಲೆಟರ್ ಕೇಳ್ತಾರೋ ಬಿಡ್ತಾರೋ ಗೊತ್ತಿಲ್ಲ, ಒಂದಿರಲಿ." ಹಳೆಯ ಪ್ರತಿ ತೆಗೆದು ತಾರೀಖು ಬದಲಿಸಿದೆ. 'ತಾಳ್ಮೆಯುಳ್ಳವರು' ಎಂದು ಅವತ್ತು ಬರೆದದ್ದು ಬರೀ ಬಾಯುಪಚಾರಕ್ಕೆ. ಇವತ್ತು ಅದರ ಕೆಳಗೆ ಗೆರೆ ಎಳೆದೆ. ಟೆಡ್ಡಿಬೇರನ್ನೂ ಕೊಟ್ಟು, ಈ ಸಲ ವಾಪಸ್ ತರಬೇಡಿ ಅಂದೆ.

ಮೇಲೆ ಅತ್ತೆಗೆ ಪಾಠ ಮತ್ತೆ ಶುರುವಾಗಿದೆಯೇ ಎಂದು ಕೇಳಿದೆ. ಬೇಕಾಗಿಲ್ಲವಂತೆ, ಉತ್ತರವನ್ನು ಅವರೇ ತಿದ್ದಿಕೊಂಡಿದ್ದಾರಂತೆ: "ಬಣ್ಣಗಿಣ್ಣ ಏನೂ ಬೇಡಪ್ಪ, ನಾನಿರುವಾಗ ಬಂದರೆ ಸಾಕು."