ಮುಖ ತೋರಿಸಿ ಹೋಗಿ ಸಾರ್

ಮೆಡಿಕಲ್ ಕಾಲೇಜಿನ ಡೀನ್‌ಗಳಿಗೆ ಬದುಕಿನ ಉದ್ದೇಶ ಹುಡುಕಿಕೊಡುವ ಎರಡು ದಿನದ ಶಿಬಿರಕ್ಕೆ ನನ್ನ ಹಳೇ ಕ್ಲಾಸ್‌ಮೇಟ್ ಒಬ್ಬ ಹೋಗಿ ಬಂದ. ಊರಾಚೆಯ ರೆಸಾರ್ಟು. ಬೆಳಗ್ಗೆ ಯೋಗ, ಮಧ್ಯಾಹ್ನ ಬಫೆ. ಟೈ ಕಟ್ಟಿದ ಹುಡುಗನೊಬ್ಬ ಎಲ್ಲರಿಗೂ ಹಳದಿ ಚೀಟಿ ಹಂಚಿ, 'ನೀವು ಯಾಕೆ ಲೀಡರ್ ಆದಿರಿ? ಒಂದು ಸಾಲಿನಲ್ಲಿ ಬರೆಯಿರಿ' ಅಂದನಂತೆ. ಇವನು 'ಸೀನಿಯಾರಿಟಿ' ಎಂದು ಬರೆದ. ಪಕ್ಕದವರು ಅದನ್ನೇ ಕಾಪಿ ಹೊಡೆದರು. ಎಂಬಿಬಿಎಸ್ ಕಾಲದ ಅಭ್ಯಾಸ, ಎಲ್ಲಿ ಹೋಗುತ್ತೆ?

ಅಲ್ಲ, ಡೀನ್‌ಗೆ ಉದ್ದೇಶ ಇಲ್ಲ ಅಂತ ಯಾರು ಹೇಳಿದ್ದು? ಪಾಪ, ಬೆಳಗಾದರೆ ಅವರ ತಲೆಯಲ್ಲಿ ಒಂದೇ: ಪ್ರೊಫೆಸರುಗಳ ಮುಖ. 2025ರ ಮೇ 1ರಿಂದ, ಮೆಡಿಕಲ್ ಕಾಲೇಜುಗಳ ಮೇಲೆ ಕಣ್ಣಿಡುವ ರಾಷ್ಟ್ರೀಯ ವೈದ್ಯಕೀಯ ಆಯೋಗ ಬೆರಳೊತ್ತುವುದನ್ನು ಬಿಡಿಸಿ, ಆಧಾರ್ ಮುಖದ ಹಾಜರಾತಿ ತಂದಿದೆ. ಜೊತೆಗೆ ಜಿಪಿಎಸ್. ಕ್ಯಾಂಪಸ್ಸಿನೊಳಗೆ ನಿಂತು ಮೊಬೈಲ್ ನೋಡಿ ಕಣ್ಣು ಮಿಟುಕಿಸಬೇಕು. ಫೋಟೋ ಅಲ್ಲ, ಜೀವ ಇರುವ ಮನುಷ್ಯ ಅಂತ ಗೊತ್ತಾಗಲು. ಪ್ರೊಫೆಸರ್ ಬದುಕಿದ್ದಾರೆ ಅನ್ನುವುದಂತೂ ಖಾತ್ರಿ. ಪಾಠ ಮಾಡಿದರಾ ಅಂತ ಕೇಳುವ ಆಪ್ ಇನ್ನೂ ಬಂದಿಲ್ಲ. ಮದುವೆಗೆ 'ಸುಮ್ನೆ ಮುಖ ತೋರಿಸಿ ಬರ್ತೀನಿ' ಅಂತ ಹೋಗುತ್ತೇವಲ್ಲ, ಅದೇ ಈಗ ನಿಯಮ. ಅಲ್ಲಿ ಊಟವಾದರೂ ಸಿಗುತ್ತೆ.

ನಾನು ಕೆಲಸದಲ್ಲಿದ್ದಾಗ ಇನ್‌ಸ್ಪೆಕ್ಷನ್ ಅಂದರೆ ಜಾತ್ರೆ. ಹೊಸ ಬೆಡ್‌ಶೀಟು, ವಾರ್ಡು ತುಂಬಿದಂತೆ ಕಾಣಲು ಬಸ್ಸಿನಲ್ಲಿ ಬಂದಿಳಿಯುವ ರೋಗಿಗಳು, ಅವರಿಗೆ ದಿನಗೂಲಿ, ಚಿತ್ರಾನ್ನ. ಹಾಗೆ ಮಲಗಿದ್ದ ಅಜ್ಜನೊಬ್ಬನ ಬಿಪಿಯನ್ನು ಹೌಸ್ ಸರ್ಜನ್ ಹುಡುಗಿ ಸುಮ್ಮನೆ ನೋಡಿದಳು. ಇನ್ನೂರು! ಅಡ್ಮಿಟ್ ಆಗಿ ಅಂದಿದ್ದಕ್ಕೆ ಅಜ್ಜ ಗಾಬರಿ. 'ನಾನು ಆ ಥರದ ರೋಗಿ ಅಲ್ಲಮ್ಮ, ಐದಕ್ಕೆ ಬಸ್ಸಿದೆ.'

ಈಗ ಅದೆಲ್ಲ ನಿಂತಿದೆ ಅಂದುಕೊಂಡಿದ್ದೆ. 2025ರ ಜುಲೈನಲ್ಲಿ ಸಿಬಿಐ ಆರು ಜನರನ್ನು ಹಿಡಿಯಿತು. ಅವರಲ್ಲಿ ಮೂವರು ಛತ್ತೀಸ್‌ಗಢದ ಕಾಲೇಜೊಂದರ ತಪಾಸಣೆಗೆ ಹೋಗಿದ್ದ ಡಾಕ್ಟರುಗಳು. ಒಳ್ಳೆಯ ವರದಿಗೆ 55 ಲಕ್ಷ ಅನ್ನುವುದು ಆರೋಪ. ದುಡ್ಡು ಕೈ ಬದಲಾಗಿದ್ದು ನಮ್ಮ ಬೆಂಗಳೂರಿನಲ್ಲೇ ಅಂತೆ. ಸಾಬೀತಾಗುವುದು ಆಮೇಲಿನ ಮಾತು. ಆದರೆ ಸ್ಫೂರ್ತಿಗಾಗಿ ಯಾರೂ ರೆಸಾರ್ಟಿಗೆ ಹೋಗಬೇಕಾಗಿಲ್ಲ ಅನ್ನುವುದಂತೂ ಗೊತ್ತಾಯಿತು.

ಎಂಬಿಬಿಎಸ್ ಮುಗಿಸಿ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಮುಂದೆ ಓದುವ ಪಿಜಿ ಮಕ್ಕಳ, ಅಂದರೆ ರೆಸಿಡೆಂಟ್ ಡಾಕ್ಟರುಗಳ, ಡ್ಯೂಟಿ ಬಗ್ಗೆ ಶಿಬಿರದಲ್ಲಿ ಮಾತು ಬಂತಾ ಅಂತ ಕೇಳಿದೆ. ಇಲ್ಲವಂತೆ, ಟೈಮ್ ಸಾಲಲಿಲ್ಲ. ರೆಸಿಡೆಂಟ್ ಡಾಕ್ಟರುಗಳಿಗೆ ವಾರಕ್ಕೆ 48 ಗಂಟೆ ಸಾಕು ಅಂತ ಕೇಂದ್ರ ಸರ್ಕಾರ 1992ರಲ್ಲೇ ಹೇಳಿತ್ತು. 2024ರಲ್ಲಿ ಆಯೋಗದ್ದೇ ಕಾರ್ಯಪಡೆ 74 ಗಂಟೆ ಮೀರದಿರಲಿ ಅಂದಿತು. 32 ವರ್ಷದಲ್ಲಿ 26 ಗಂಟೆ ಪ್ರಗತಿ. ಎರಡೂ ಕಾಗದದಲ್ಲೇ ಇವೆ. ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ಶೇ 27.8ರಷ್ಟು ಜನ ಮಾನಸಿಕ ಸಮಸ್ಯೆ ಇದೆ ಅಂತ ಹೇಳಿಕೊಂಡಿದ್ದೂ ಅದೇ ವರದಿಯಲ್ಲಿದೆ. ಇಲ್ಲಿ ನನಗೆ ತಮಾಷೆ ತೋಚುತ್ತಿಲ್ಲ. ಎರಡು ರಾತ್ರಿ ನಿದ್ದೆಗೆಟ್ಟ ಹುಡುಗಿ ನಿಮ್ಮ ಅಮ್ಮನಿಗೆ ಸೂಜಿ ಚುಚ್ಚುತ್ತಾಳೆ. ಕೈ ನಡುಗಿದರೆ ಹೊಡೆತ ತಿನ್ನುವವಳೂ ಅವಳೇ, ಡೀನ್ ಅಲ್ಲ, ಆಯೋಗವೂ ಅಲ್ಲ. ಥೂ, ಸಾಕಾಗಿದೆ.

ಕೊನೆಗೆ ಉದ್ದೇಶ ಸಿಕ್ತೇನೋ ಅಂದೆ. 'ಇರೋ ಮಾರಾಯ, ಡ್ಯೂಟಿ ಮುಗೀತು, ಮುಖ ತೋರಿಸಿ ಬರ್ತೀನಿ' ಅಂತ ಫೋನ್ ಇಟ್ಟ.